ಒಂದು ನಿಮಿಷಕ್ಕೆ

ಬಾಗೇಪಲ್ಲಿ ದಾಟಿ ಹನ್ನೊಂದು ಕಿಲೋಮೀಟರು,
ಮದ್ದಿಮಾನುಪಲ್ಲಿ ಹಿರಿಯ ಪ್ರಾಥಮಿಕ ಶಾಲೆ.
ನನ್ನ ಚೀಲದೊಳಗೆ ಒಂದು ಟ್ಯಾಬು,
ಟ್ಯಾಬಿನೊಳಗೆ ಗಡಿಯಾರ,
ಗಡಿಯಾರದೊಳಗೆ ಅರವತ್ತೇ ಸೆಕೆಂಡು.

ತರಬೇತಿಯಲ್ಲಿ ಹೇಳಿ ಕಳಿಸಿದ್ದರು:
ಮಗು ಓದುವಾಗ ತಲೆಯಾಡಿಸಬೇಡಿ,
ನಗಬೇಡಿ, ಹುಬ್ಬೇರಿಸಬೇಡಿ.
ಮೂರು ಸೆಕೆಂಡು ತಡವರಿಸಿದರೆ
ಆ ಪದವನ್ನು ಮುಟ್ಟಿ.
ಕೆಂಪಾಗುತ್ತದೆ. ಮುಂದೆ ಹೋಗಿ.
ಹೀಗೆ ಮುಟ್ಟುವ ಕೆಲಸ ನನ್ನದು,
ದಿನಕ್ಕೆ ಆರುನೂರು, ಊಟ ನಮ್ಮದೇ.

ನಾಲ್ಕನೇ ತರಗತಿ, ಕ್ರಮಸಂಖ್ಯೆ ಒಂಬತ್ತು, ಹಂಸವೇಣಿ.
ಬಂದು ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ.
ಬೆರಳ ತುದಿಗೆ ಹುಣಸೆಹಣ್ಣು ಬಿಡಿಸಿದ ಕಂದು ಅಂಟು.
ಅದೇ ಬೆರಳಿಟ್ಟು ಓದಿದಳು
ಅಕ್ಷರಕ್ಕೆ ಅಕ್ಷರ ಪೋಣಿಸಿ:

‘ರಂಗ ಬೆಳಗ್ಗೆ ಎದ್ದು ಹೊಲಕ್ಕೆ ಹೋದ.
ಅವ್ವ ರೊಟ್ಟಿ ಸುಟ್ಟಳು.
ತಂಗಿಗೂ ಪಾಲು ಕೊಟ್ಟಳು...’

‘ಎದ್ದು’ ಹತ್ತಿರ ನಿಂತಿದ್ದಳು.
ಒಂದು.
ಎರಡು.
ತುಟಿಯ ಮೂಲೆಯಲ್ಲಿ ಏನೋ ಸಣ್ಣ ಬೆಳಕು,
ಗುರುತಿನವರು ಎದುರು ಸಿಕ್ಕ ಹಾಗೆ.
ಮೂರು.
ಮುಟ್ಟಿದೆ. ಕೆಂಪಾಯಿತು.

ನಿಮಿಷಕ್ಕೆ ಇಪ್ಪತ್ತೇಳು ಪದ.
ಆಮೇಲೆ ಪ್ರಶ್ನೆಗಳು.
ಹೊಲಕ್ಕೆ ಯಾರು ಹೋದರು?
‘ರಂಗ, ಅವನ ಎತ್ತು.’
ರೊಟ್ಟಿ ಸುಟ್ಟವರು ಯಾರು?
‘ಅಜ್ಜಿ.’
ತಂಗಿಗೆ ಏನು ಕೊಟ್ಟಳು?
‘ಹಾಲು.’
ಎಷ್ಟು ಖಚಿತವಾಗಿ ಹೇಳಿದಳೆಂದರೆ
ಸೊನ್ನೆ, ಸೊನ್ನೆ, ಸೊನ್ನೆ ಒತ್ತುವಾಗ
ಪಾಠವನ್ನೇ ಇನ್ನೊಮ್ಮೆ ನೋಡಿದೆ.
ಎತ್ತು ಇರಲಿಲ್ಲ. ಹಾಲು ಇರಲಿಲ್ಲ.
ಸಲ್ಲಿಸಿದೆ. ಹಸಿರು ಟಿಕ್ಕು ಬಿತ್ತು.

ಮಧ್ಯಾಹ್ನ ಮೊಟ್ಟೆಯ ದಿನ.
ಮುಖ್ಯಶಿಕ್ಷಕ ಆದಿನಾರಾಯಣಪ್ಪ
ಮೊಟ್ಟೆ ಎಣಿಸಿ ಇನ್ನೊಂದು ಆ್ಯಪಿಗೆ ತುಂಬಿಸುತ್ತಿದ್ದರು.
ತಮಾಷೆಯೆಂದು ಹೇಳಿದೆ, ಎತ್ತಿನ ವಿಷಯ.
ಅವರು ನಗಲಿಲ್ಲ.
‘ಯಾವ ಊರು ತಮ್ಮದು?’
ತುರುವೇಕೆರೆ ಕಡೆ, ಸಾರ್.
‘ಹಂಗಾ. ನಮ್ಮ ಮನೆಮಾತಲ್ಲಿ
ಎದ್ದು ಅಂದ್ರೆ ಎತ್ತು.
ಅವ್ವ ಅಂದ್ರೆ ಅಜ್ಜಿ.
ಪಾಲು ಅಂದ್ರೆ ಹಾಲು.’
ಒಡೆದ ಮೊಟ್ಟೆಯೊಂದನ್ನು ಪಕ್ಕಕ್ಕಿಟ್ಟರು.
‘ಈ ಊರಲ್ಲಿ ಈಗ ಎತ್ತೂ ಇಲ್ಲ, ಎಲ್ಲ ಟ್ರ್ಯಾಕ್ಟರು.
ಅವಳು ಎಲ್ಲಿಂದ ಹೊಡ್ಕೊಂಡು ಬಂದಳೋ.’

ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ:
‘ನಾನೂ ತೆಲುಗಿನವನೇ.
ಕೆಲಸಕ್ಕೆ ಸೇರಿದ ಮೊದಲ ನಾಲ್ಕು ವರ್ಷ
ಇಂಥವಕ್ಕೆಲ್ಲ ಕೆಂಪು ಇಂಕಲ್ಲಿ ತಪ್ಪು ಹಾಕ್ದೆ.’

ಟ್ಯಾಬು ತೆರೆದೆ. ಒಂಬತ್ತನೇ ಸಾಲಿಗೆ ಬೀಗ.
ಷರಾ ಬರೆಯಲು ಜಾಗವೇನೋ ಇತ್ತು,
ಅಲ್ಲಿ ಮೂರೇ ಆಯ್ಕೆ:
ಮಗು ಗೈರು. ಮಗು ಅಸ್ವಸ್ಥ. ಇತರೆ.
ಇತರೆ ಒತ್ತಿದರೆ ಏನೂ ತೆರೆಯಲಿಲ್ಲ.
ಆ ಇಪ್ಪತ್ತೇಳು ಈಗ ತಾಲ್ಲೂಕಿನ ಸರಾಸರಿಯಲ್ಲಿ ಕರಗಿ
ಜಿಲ್ಲೆಯತ್ತ ಹೊರಟಿರಬೇಕು,
ನಾಳೆ ಯಾವುದೋ ಸಭೆಯ ಗೋಡೆಯ ಮೇಲೆ
ಒಂದು ಗಿಡ್ಡ ಕಂಬ.

ನಾನು ಅವಳಿಂದ ಕೇಳಬೇಕಾಗಿದ್ದ ಪ್ರಶ್ನೆ
ಪಟ್ಟಿಯಲ್ಲಿರಲಿಲ್ಲ:
ರಂಗನ ಎತ್ತಿನ ಬಣ್ಣ ಯಾವುದು?

ಊಟದ ಬೆಲ್ಲು ಮುಗಿಯಿತು.
ಕ್ರಮಸಂಖ್ಯೆ ಹತ್ತು, ನರಸಿಂಹುಲು.
ಅಂಗಿಯ ಎರಡನೇ ಗುಂಡಿ ಮೂರನೇ ಕಾಜಕ್ಕೆ ಹಾಕಿದ್ದ.
ಶುರು ಅಂದೆ.
‘ರಂಗ ಬೆಳಗ್ಗೆ’
ನಿಂತ.
ಒಂದು. ಎರಡು. ಮೂರು.
ನನ್ನ ಬೆರಳು ಗಾಜಿನ ಮೇಲೆ, ಮುಟ್ಟದೆ.
ನಾಲ್ಕು.
ಹೊರಗೆ ಯಾರೋ ತಟ್ಟೆ ತೊಳೆಯುವ ಸದ್ದು.
ಐದು.
ಹುಡುಗ ತಲೆಯೆತ್ತಿ ನನ್ನ ಮುಖ ನೋಡಿದ.
ನಾನು ಹುಬ್ಬೇರಿಸಿದೆ.

ಏನು ಗುರುತು ಹಾಕಿದೆನೆಂದು ಇಲ್ಲಿ ಬರೆಯುವುದಿಲ್ಲ.
ಇನ್ನೂ ಹನ್ನೆರಡು ಶಾಲೆ ಬಾಕಿ ಇದೆ.