ಇಪ್ಪತ್ತನಾಲ್ಕು ಗಂಟೆ

ಕಿಸುಮುವಿನ ಕೊಂಡೆಲೆ ಫ್ಲೈಓವರಿನ ಕೆಳಗೆ
ಬೀಗ ರಿಪೇರಿಯವನ ಪಕ್ಕ ನನ್ನ ಸಲೂನು.
ಒಂದೇ ಮಂಚ, ಮುಚ್ಚಿಹೋದ ಯಾವುದೋ ಕ್ಲಿನಿಕ್ಕಿನದು.
ಅದರ ಮೇಲೆ ಮಲಗಿದವರಿಗೆಲ್ಲ ಒಂದೇ ಮಾತು:
ಕಣ್ಣು ಮುಚ್ಚಿ. ನಾನು ಹೇಳುವವರೆಗೂ ತೆರೆಯಬೇಡಿ.

ಎಂಟುನೂರು ಶಿಲ್ಲಿಂಗಿಗೆ ನಲವತ್ತು ನಿಮಿಷ.
ಒಂದೊಂದೇ ಕೂದಲು ಕೂರಿಸುವುದು ನೈರೋಬಿಯ ದೊಡ್ಡ ಅಂಗಡಿಗಳ ಕೆಲಸ,
ಅಲ್ಲಿನವರಿಗೆ ಮೂರು ತಾಸು ಮಲಗುವಷ್ಟು ಪುರುಸೊತ್ತು.
ನಮ್ಮದು ಕ್ಲಸ್ಟರ್: ಹತ್ತು ಹತ್ತು ಕೂದಲು ಬುಡದಲ್ಲಿ ಕೂಡಿ
ತುದಿಯಲ್ಲಿ ಬಿರಿದ ಗೊಂಚಲು.
ಮೂಗಿನ ಕಡೆಗೆ ಒಂಬತ್ತು ಮಿಲಿಮೀಟರ್, ನಡುವೆ ಹನ್ನೆರಡು,
ಕಿವಿಯ ಕಡೆ ಹೋಗುತ್ತ ಹದಿನಾಲ್ಕು.
ಚಿಮುಟದಲ್ಲಿ ಹಿಡಿದು, ಅಂಟಿನ ಹನಿಯಲ್ಲಿ ಬುಡ ಅದ್ದಿ,
ಚರ್ಮಕ್ಕೆ ತಾಗದಂತೆ, ತೀರ ದೂರವೂ ಆಗದಂತೆ
ಎವೆಯ ಮೇಲೆ ಎವೆ ಇಟ್ಟು
ಉಸಿರು ಹಿಡಿದು ಹತ್ತು ಎಣಿಸುತ್ತೇನೆ.
ಆ ಹತ್ತರೊಳಗೆ ಎಷ್ಟೋ ಕಥೆ ಕೇಳಿದ್ದೇನೆ.

ಬುಡದ ಎವೆ ನೋಡಿಯೇ ಹೇಳಬಲ್ಲೆ
ಯಾರು ಯಾವ ಮಗ್ಗುಲಿಗೆ ಮಲಗುತ್ತಾರೆಂದು.
ದಿಂಬಿಗೆ ಒತ್ತಿದ ಕಡೆ ತೆಳ್ಳಗೆ, ಅಡ್ಡಾದಿಡ್ಡಿ,
ದನ ತುಳಿದ ಹುಲ್ಲಿನ ಹಾಗೆ.

ಗುರುವಾರ ಎರಡು ಗಂಟೆಗೆ ಬಂದವಳು ಹೆಸರು ಹೇಳಲಿಲ್ಲ.
ನ್ಯಾರ್ ಅಲೆಗೊ ಅನ್ನು ಸಾಕು, ಅಂದಳು. ಅಲೆಗೊ ಸೀಮೆಯ ಮಗಳು.
ಬೆರಳಿಗೆ ಒಮೆನಾ ಮೀನಿನ ವಾಸನೆ, ನಿಂಬೆ ಉಜ್ಜಿದರೂ ಹೋಗದ್ದು.
ಎಡಗಡೆಯ ಎವೆ ತೆಳ್ಳಗಿತ್ತು.
ಕೆಳರೆಪ್ಪೆಗೆ ಜೆಲ್ ಪಟ್ಟಿ ಅಂಟಿಸಿ ಮೊದಲ ಗೊಂಚಲು ಎತ್ತಿದಾಗ ಕೇಳಿದಳು:
"ಇದು ನೀರಿಗೆ ತಡೆಯುತ್ತದಾ?"
ಯಾವ ನೀರು, ಅಂದೆ. ಸ್ನಾನದ್ದಾ, ಸರೋವರದ್ದಾ?
"ಶನಿವಾರ ನನ್ನ ಗಂಡನ ಮಣ್ಣು."

ಚಿಮುಟ ಗಾಳಿಯಲ್ಲೇ ನಿಂತಿತು. ಅಂಟು ಗಟ್ಟಿಯಾಯಿತು.
ಆ ಗೊಂಚಲು ಎಸೆದು ಇನ್ನೊಂದು ತೆಗೆದೆ.

ಅವಳೇ ಹೇಳಿದಳು, ಕಣ್ಣು ಮುಚ್ಚಿಕೊಂಡೇ:
ಒಡೆರೊ ಕಬ್ಬಿನ ಲಾರಿ ಓಡಿಸುತ್ತಿದ್ದ. ಇಪ್ಪತ್ತೊಂದು ವರ್ಷ.
ಮದುವೆ ಅಂತ ಆದದ್ದು
ರಾತ್ರಿ ಅವನ ಅಮ್ಮನ ಅಡುಗೆಮನೆಗೆ ಹಿಂಬಾಗಿಲಿಂದ ಹೋದದ್ದು, ಅಷ್ಟೇ.
ಒಂದು ಫೋಟೋ ಇಲ್ಲ.
ಈಗ ನೋಡು, ಸಮಿತಿಯವರು ಚಂದಾ ಎತ್ತಿದ್ದಾರೆ,
ಟೀ ಶರ್ಟಿನ ಮೇಲೆ ಅವನ ಮುಖ ಅಚ್ಚು ಹಾಕಿಸಿದ್ದಾರೆ,
ವಿಡಿಯೋದವನು ಎರಡು ಕ್ಯಾಮೆರಾ ತರುತ್ತಾನೆ, ಡ್ರೋನ್ ಬೇರೆ.
"ಮದುವೆಗೆ ಇಲ್ಲದ್ದು ಮಣ್ಣಿಗೆ ಬರುತ್ತಿದೆ.
ಕಾಣುವ ಹಾಗಿರಬೇಕಲ್ಲವಾ ನಾನು?"

ಲೆಕ್ಕ ಹಾಕಿದೆ. ನನಗೆ ಬರುವುದು ಅದೊಂದೇ.
ಅಂಟು ಕೂರಲು ಇಪ್ಪತ್ತನಾಲ್ಕು ಗಂಟೆ.
ನಾಳೆ ಮೂರರವರೆಗೆ ನೀರು ಸೋಕಬಾರದು,
ಹಬೆ ಬೇಡ, ಒಲೆಯ ಹತ್ತಿರ ಬಗ್ಗಬೇಡ,
ಶವಾಗಾರಕ್ಕೆ ಅವನ ಕೋಟು ಕೊಡಲು ಬೇರೆಯವರನ್ನು ಕಳಿಸು.
ಸಂಜೆ ಪೆಟ್ಟಿಗೆ ಊರಿಗೆ ಹೊರಡುವಾಗ
ಅಳಬಹುದು. ಒರೆಸಬಾರದು.
ತಲೆ ತುಸು ಮುಂದಕ್ಕೆ ಬಾಗಿಸು, ಹನಿ ನೇರ ನೆಲಕ್ಕೆ ಬೀಳಲಿ.
ಕರವಸ್ತ್ರದ ತುದಿ ಕೆನ್ನೆಗೆ ಒತ್ತು, ಕಣ್ಣಿಗಲ್ಲ.
ಯಾರಾದರೂ ಅಪ್ಪಿಕೊಂಡರೆ ಮುಖ ಅವರ ಹೆಗಲಾಚೆಗಿರಲಿ.
ಹೇಳುತ್ತ ಹೋದೆ. ಅಳುವುದನ್ನು ಯಾರಿಗೂ
ಇಷ್ಟು ವಿವರವಾಗಿ ಹೇಳಿಕೊಟ್ಟವಳಲ್ಲ.
ಅವಳು ಹೂಂಗುಟ್ಟುತ್ತಿದ್ದಳು,
ಮಾತ್ರೆಯ ಹೊತ್ತು ಕೇಳಿಸಿಕೊಳ್ಳುವವರ ಹಾಗೆ.

ಎರಡನೇ ಕಣ್ಣಿನ ಆರನೇ ಗೊಂಚಲಿಗೆ ಕರೆಂಟು ಹೋಯಿತು.
ಫೋನಿನ ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಉಳಿದದ್ದು ಮುಗಿಸಿದೆ.

ಎದ್ದು ಕನ್ನಡಿ ಹಿಡಿದಳು. ಎರಡು ಸಲ ರೆಪ್ಪೆ ಬಡಿದಳು.
"ಭಾರ ಇದೆ."
ಒಂದು ದಿನ ಹಾಗನ್ನಿಸುತ್ತದೆ, ಅಂದೆ,
ಎಂಟುನೂರರಲ್ಲಿ ಮುನ್ನೂರು ವಾಪಸು ಚಾಚಿದೆ.
ಮುಟ್ಟಲಿಲ್ಲ. ಇದು ಚಂದಾ ಅಲ್ಲ, ಅಂದಳು.

ಹದಿನೇಳನೆಯ ದಿನ ತೆಗೆಸಲು ಬಂದಳು.
ಫೋನಿನಲ್ಲಿ ವಿಡಿಯೋ ತೋರಿಸಿದಳು: ಮೇಲಿಂದ
ತಗಡಿನ ಮಾಡು, ಬಾಳೆ, ಬಿಳಿ ಶಾಮಿಯಾನ,
ಕೆಂಪು ಗುಂಡಿಯ ಸುತ್ತ ಚುಕ್ಕಿಗಳು.
"ಇದರಲ್ಲಿ ನಾನು ಯಾವುದೋ ಗೊತ್ತೇ ಆಗಲಿಲ್ಲ," ಅಂದು ನಕ್ಕಳು.

ಮಲಗಿಸಿ ಕಣ್ಣು ಮುಚ್ಚಿಸಿದೆ.
ಎಡಗಡೆ ಒಂಬತ್ತರಲ್ಲಿ ಏಳು ಗೊಂಚಲು ಭದ್ರವಾಗಿದ್ದವು.
ಬಲಗಡೆ ಒಂದೇ ಒಂದು.
ಎಣ್ಣೆ ಅದ್ದಿದ ಹತ್ತಿ ಒತ್ತಿ ಹಿಡಿದು
ಹತ್ತು ಎಣಿಸಿದೆ,
ಇನ್ನೊಮ್ಮೆ ಎಣಿಸಿದೆ.