ಐದನೆಯದು ಅಡ್ಡ

ಹಾಸನದಲ್ಲಿ ಬುಧವಾರ ಮೂರೂವರೆಗೆ,
ಕಾಲೇಜಿನ ಹಿಂದುಗಡೆ ಹಳೇ ಎನ್‌ಸಿಸಿ ಸ್ಟೋರಿನಲ್ಲಿ
ನಸೀಮಾ ಮೇಡಂ ಏಳು ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೆ.
ಬರುವವರು ನಾವು ಐದೇ ಜನ.
ಮಿಕ್ಕೆರಡು ಯಾರಿಗೆ ಅಂದರೆ
"ಗೇಟಿನ ತನಕ ಬಂದು
ವಾಪಸ್ ಹೋಗ್ತಾರಲ್ಲ, ಅವರಿಗೆ."

ಮೊದಲ ದಿನ ಭಾಷಣಕ್ಕೆ ಸಿದ್ಧನಾಗಿ ಹೋಗಿದ್ದೆ.
ಫೋನು ವಿಷ, ಫೋನು ಶನಿ, ನಮ್ಮ ಕಾಲದಲ್ಲಾದರೆ...
ಹಾಗೇನೂ ಇಲ್ಲ.
ನೂರು ಪುಟದ ನೋಟ್‌ಬುಕ್ಕು, ಮೋಟು ಪೆನ್ಸಿಲ್ಲು.
"ಕೈ ಫೋನಿಗೆ ಹೋದಾಗೆಲ್ಲ ಒಂದು ಗೆರೆ,
ಐದನೆಯದು ಅಡ್ಡ.
ಕಡಿಮೆ ಮಾಡಬೇಡ. ಬರೀ ಎಣಿಸು."

ಎಣಿಸಿದೆ.
ಸೋಮವಾರ ಇನ್ನೂರ ಹದಿನೇಳು.
ಹಲ್ಲುಜ್ಜುವಾಗ ಒಂಬತ್ತು.
ಸಾಲಗಾಮೆ ರಸ್ತೆ ದಾಟುವಾಗ ನಾಲ್ಕು,
ಆಟೋದವನು ಬೈದದ್ದು ಬೇರೆ ಲೆಕ್ಕ.
ಹಾಸ್ಟೆಲಿನ ಊಟದ್ದು ಬರೆದಿಲ್ಲ:
ಎಡಗೈಲಿ ಫೋನು, ಬಲಗೈಲಿ ಮುದ್ದೆ,
ಗೆರೆ ಎಳೆಯಲು ಮೂರನೇ ಕೈಯಿಲ್ಲ.
ತುಂಬಿದ ಪುಟ ದೂರ ಹಿಡಿದು ನೋಡಿದರೆ
ಸಾಲು ಸಾಲು ಬೇಲಿ.
ಮೇಯುತ್ತಿರುವುದು ಮಾತ್ರ ಕಾಣಲಿಲ್ಲ.

ಎರಡನೇ ವಾರ ಪಕ್ಕದಲ್ಲೊಂದು ಕಾಲಂ:
ಕೈ ಹೋಗುವ ಮೊದಲು ಏನಿತ್ತು?
ಕುಮುದಾ ಬರೆದಳು: ಇಂಟರ್ನಲ್ಸ್, ಇಂಟರ್ನಲ್ಸ್, ಮೊಡವೆ.
ಪಾಲಾಕ್ಷ ಬರೆದ: ಬೇರೆಯವರ ಬೈಕು.
ನಾನು ಬರೆದೆ: ಏನೂ ಇಲ್ಲ.
ಹನ್ನೆರಡು ಪುಟ ಏನೂ ಇಲ್ಲ, ಕೆಳಗೆಲ್ಲ
ಮೇಲಿನದೇ ಎಂಬ ಜೋಡಿ ಗೀಟು.
ಮೇಡಂ ಓದಿದರು, ಕನ್ನಡಕ ತೆಗೆದು
ದುಪಟ್ಟಾದಲ್ಲಿ ಒರೆಸಿದರು.
"ಈ ಏನೂ ಇಲ್ಲ ಅನ್ನೋದು ಎಲ್ಲಿರುತ್ತೆ?
ಎದೆಯಲ್ಲೋ, ಹೊಟ್ಟೆಯಲ್ಲೋ?"

ಯಾರೂ ಕೇಳಿರಲಿಲ್ಲ ಹೀಗೆ.
ತಡಕಿದೆ. ಗಂಟಲ ಕೆಳಗೆ,
ಬೋರಲು ಹಾಕಿದ ಸ್ಟೀಲು ಲೋಟದ ಹಾಗೆ.

"ಸರಿ. ಇನ್ನೊಮ್ಮೆ ಬಂದಾಗ ಅದರ ಜೊತೆ
ಮೂರು ನಿಮಿಷ ಕೂತಿರು.
ಓಡಿಸಬೇಡ. ಕಾಫಿಗೂ ಕರೀಬೇಡ."

ಮೂರು ನಿಮಿಷ ಎಷ್ಟುದ್ದ ಗೊತ್ತಾ?
ಮಹಾರಾಜ ಪಾರ್ಕಿನ ಬೆಂಚಿನಲ್ಲಿ ಕೂತೆ.
ಫೋನು ಹಾಸ್ಟೆಲಿನ ಟ್ರಂಕಿನಲ್ಲಿದೆ,
ಖಾಲಿ ಜೇಬು ತೊಡೆಯ ಮೇಲೆ ಗುಂಯ್ ಅಂತು.
ಮತ್ತೆ ಗುಂಯ್.
ಹೆಬ್ಬೆರಳು ತಾನೇ ತಾನಾಗಿ
ಗಾಳಿಯನ್ನು ಮೇಲಕ್ಕೆ ತಳ್ಳುತ್ತಿತ್ತು.
ಬೆವರಿದೆ. ಎದ್ದೆ. ಕೂತೆ.
ಲೋಟ ಸ್ವಲ್ಪ ಓರೆಯಾಯಿತು,
ಅಡಿಯಲ್ಲಿ ಧರಣೇಂದ್ರ ಇದ್ದ.

ಪಿಯುಸಿಯಲ್ಲಿ ಒಂದೇ ಬೆಂಚು ನಮ್ಮದು.
ಜಗಳ ಯಾವುದಕ್ಕೋ, ಕ್ರಿಕೆಟ್ ಕಿಟ್ಟಿಗಿರಬೇಕು.
ಸಾರಿ ಅಂತ ಕಳಿಸಿದ್ದೆ.
ಎರಡು ನೀಲಿ ಗೆರೆ ಬಂತು, ಮಾತು ಬರಲಿಲ್ಲ,
ಏಳು ತಿಂಗಳು.
ದಿನಕ್ಕೆ ಇನ್ನೂರು ಸಲ ನಾನು ಬಾಗಿಲು ತೆಗೆದು
ನೋಡುತ್ತಿದ್ದದ್ದು ಅದನ್ನೇ;
ನಡುವೆ ಸಿಕ್ಕಿದ್ದಕ್ಕೆಲ್ಲ ನಕ್ಕು,
ಲೈಕು ಒತ್ತಿ, ಮುಂದಕ್ಕೆ ದಾಟಿಸುತ್ತ.

ಗೊತ್ತಾದ ಮಾತ್ರಕ್ಕೆ ವಾಸಿಯಾಗುತ್ತದೆಯೇ?
ನಾಲ್ಕನೇ ವಾರ ಜಾರಿದೆ.
ರಾತ್ರಿ ಎರಡೂವರೆ ತನಕ ರೀಲು, ಕಂಬಳಿಯೊಳಗೆ,
ಪಕ್ಕದ ಮಂಚದವನು "ದೀಪ ಆರ್ಸೋ" ಅನ್ನುವಷ್ಟು ಬೆಳಕು.
ಗೆರೆ ಎಳೆಯಲಿಲ್ಲ. ಬೆಳಗ್ಗೆ ಕೂತು
ಅಂದಾಜಿಗೆ ಮೂವತ್ತು ಗೀಚಿದೆ,
ಕಳ್ಳಲೆಕ್ಕದ ಗೆರೆಗಳೇ ಚೆಂದ, ನೆಟ್ಟಗೆ, ಸಮವಾಗಿ.

ಬುಧವಾರ ಗೇಟಿನ ತನಕ ಹೋದೆ.
ನಿಂತೆ. ಚಪ್ಪಲಿ ತಿರುಗಿಸಿದೆ ಕೂಡ.
ಆಗ ನೆನಪಾಯಿತು, ಒಳಗೆ
ಇಂಥವನಿಗೆಂದೇ ಹಾಕಿದ ಕುರ್ಚಿ.
ಹೋಗಿ ಅದರಲ್ಲೇ ಕೂತೆ, ನನ್ನದು ಖಾಲಿಯಿದ್ದರೂ.
ಪುಸ್ತಕ ನೋಡಿ ಮೇಡಂ
"ಈ ಪುಟ ನಿನ್ನ ಕೈದಲ್ಲ" ಅಂದರು, ಅಷ್ಟೇ,
ಪೆನ್ಸಿಲ್ಲು ಚೂಪು ಮಾಡಿ ಕೊಟ್ಟರು.

ಇವತ್ತು ತೊಂಬತ್ತಾರು.
ಹೌದು, ಜಾಸ್ತಿಯೇ.
ಅದರಲ್ಲಿ ಒಂದು ಸಲ
ಧರಣೇಂದ್ರನ ನಂಬರು ಒತ್ತಿದ್ದು, ಕಿವಿಗಿಟ್ಟದ್ದು,
ಆರು ಸಲ ರಿಂಗಾದದ್ದು, ಆಮೇಲೆ
"ಹೇಳೋ" ಅಂದದ್ದು.

ಅದಕ್ಕೂ ಗೆರೆ ಎಳೆಯಬೇಕಾ
ಮುಂದಿನ ಬುಧವಾರ ಕೇಳಬೇಕು.