ಕಂಬಳಿಯ ಆಚೆ

ಸಾಗರದ ಬಸ್‌ಸ್ಟ್ಯಾಂಡಿನ ಹಿಂದೆ
ಇಲಿಯಾಸ್ ಸಾಹೇಬರ ರಿಪೇರಿ ಅಂಗಡಿ.
ಒಳಬಾಗಿಲಿಗೆ ಅಡ್ಡ ಕರಿಕಂಬಳಿ ಕಟ್ಟಿದೆವು.
ಈಚೆ ಸ್ಪೀಕರು, ಸ್ಟೂಲು, ಮೈಕ್‌ಸೆಟ್ಟಿನ ಗುತ್ಯಪ್ಪ.
ಆಚೆ ನಾನು, ಎರಡು ಆಂಪ್ಲಿಫೈಯರು, ಒಂದು ಸ್ವಿಚ್ಚು.

ಒಂದು ಅವನ ವಾಲ್ವಿನದು, ಎತ್ತಲು ಇಬ್ಬರು ಬೇಕು.
ಇನ್ನೊಂದು ಹೊಸದು, ಟಿಫಿನ್ ಡಬ್ಬಿಯಷ್ಟು.
"ನನ್ನದ್ರಲ್ಲಿ ದನಿಗೆ ಮೈ ಇರ್ತದೆ. ಇದು ಬರೀ ಎಲುಬು."
"ಹಾಗಾದ್ರೆ ಕಾಣದೆ ಹೇಳು," ಸಾಹೇಬರು.

ಹೊಸದರ ದನಿ ಒಂದು ಕೂದಲಷ್ಟು ಜೋರಿತ್ತು.
ಜೋರಿದ್ದದ್ದೇ ಚೆಂದ ಅನ್ನೋದು ಕಿವಿಯ ಹಳೇ ಚಾಳಿ;
ಮೀಟರು ಹಿಡಿದು ಸಮ ಮಾಡಿದರು.
ಟೇಪಿನಲ್ಲಿ ದೀವಳಿಗೆ ರಾತ್ರಿಯ ಅಂಟಿಗೆ ಪಂಟಿಗೆ ಮೇಳ,
ಎರಡನೇ ಸಾಲಿನ ನಡುವೆ ಯಾರದೋ ಕೆಮ್ಮು.

"ಜೆಸಿಂತಾ, ಶುರು."
ಸಾಹೇಬರು ನನ್ನ ಪಕ್ಕ ನಿಂತು ನಾಣ್ಯ ಚಿಮ್ಮಿ ಬೆರಳು ತೋರೋರು,
ನಾನು ತಿರುಗಿಸೋಳು.
"ವಾಲ್ವು." "ಡಬ್ಬಿ." "ಡಬ್ಬಿ."
"ಆ ಕೆಮ್ಮು ಹತ್ರ ಬಂತು ನೋಡಿ, ವಾಲ್ವು."
ಹನ್ನೆರಡಕ್ಕೆ ಹನ್ನೊಂದು ಸರಿ.
ಸಾಹೇಬರು ಮೂರು ಸಲ ಕೂಡಿ ನೋಡಿದರು.
ಚಾ ಹೇಳಿದರು, ಸೋತವರು ಹೇಳುವ ಚಾ.

ಲೋಟಕ್ಕೆ ಕೈ ಚಾಚಿದಾಗ ಬಳೆ ಜಾರಿತು.
ಎರಡೇ ಗಾಜಿನ ಬಳೆ. ಸ್ವಿಚ್ಚು ಎಡಕ್ಕೆ ಹೊರಳಿಸಿದರೆ
ಒಂದಕ್ಕೊಂದು ತಾಗ್ತವೆ,
ಬಲಕ್ಕಾದರೆ ಇಲ್ಲ.
ಹೇಳದಿದ್ದರೂ ನಡೀತಿತ್ತು.

ಬಿಚ್ಚಿ ಮೇಜಿನ ಮೇಲಿಟ್ಟೆ. "ಇನ್ನೊಂದು ಸಲ."

ಹನ್ನೆರಡಕ್ಕೆ ಐದು.
ಮತ್ತೆ, ಹನ್ನೆರಡಕ್ಕೆ ಏಳು.
ನಡುವೆ ಒಮ್ಮೆ ಸ್ವಿಚ್ಚು ಮುಟ್ಟಲೇ ಇಲ್ಲ ನಾನು,
ವಾಲ್ವಿನಲ್ಲೇ ಅವನಿಗೆ ಎಲುಬು ಕೇಳಿಸಿತು.

"ಬಳೆ ಸದ್ದು ಕೇಳ್ಲೇ ಇಲ್ಲ, ಗುತ್ಯಮ್ಮನಾಣೆ."
ನಂಬಿದೆ. ಕೇಳಿದ್ದು ಅವನಲ್ಲ, ಅವನ ಕಿವಿ;
ಮನೆಯೊಡೆಯ ಮಲಗಿದ್ದಾಗ
ಯಾರಿಗೋ ಬಾಗಿಲು ತೆಗೆದಿದೆ.

ಸೊರಬದ ಬಸ್ಸು ಹಾರ್ನು ಹೊಡೆದು ಹೊರಟು ಹೋಯಿತು,
ಅವನು ಹತ್ತಬೇಕಿದ್ದ ಬಸ್ಸು.
ಆಮೇಲೆ ನಗು ತಡೆಯಲಾರದೆ:
"ಸಾಹೇಬ್ರೇ, ಕಂಬಳಿ ಆಚೆ, ಇಡೀ ಮೇಳ ಹಾಡೋವಾಗ
ಎರಡು ಗಾಜಿನ ಬಳೆ!
ಯಂತ್ರದ್ದು ಹೇಗೋ ಏನೋ,
ಕಿವಿಗೇನೂ ಕಮ್ಮಿ ಇಲ್ಲ ನನಗೆ."

ಸಾಹೇಬರು ಆ ಹನ್ನೊಂದನ್ನು ಹೊಡೆದು ಹಾಕಲಿಲ್ಲ,
ಪಕ್ಕಕ್ಕೆ ಬರೆದರು: ಬಳೆ.

ವಾಲ್ವಿನದನ್ನೇ ವಾಪಸ್ ಒಯ್ದ.
ಒಂದು ಕಡೆ ಅವನು, ಒಂದು ಕಡೆ ನಾನು.
ಇನ್ನೂ ಬಿಸಿಯಿತ್ತು,
ಬರಿಗೈಗೆ.